ಕಾಕಾನ ದಿಬ್ಬದ ಗುಗ್ಗುಳ

“ಸತ್ತ ಗಿಡಕ್ಕ ಅಡ್ಡ ನಿಂತಿಯಲ್ಲ ಬೇ, ಸರಿ ಅತ್ತಾಗ!” ಜೆಸಿಬಿ ತರಿಸಿದ್ದ ನಮ್ಮ ಕಾಕಾ ನನ್ನನ್ನು ಗದರಿದರು. ಹಾರೂಗೇರಿ ಬಳಿ, ಕಬ್ಬಿನ ನಡುವೆ ಉಳಿದಿದ್ದ ಒಂದೇ ಕುರುಚಲು ದಿಬ್ಬವನ್ನೂ ಸಪಾಟು ಮಾಡುವ ಹಟ ಅವರದು. ಬೇಸಿಗೆಗೆ ಎಲೆ ಉದುರಿಸಿ ನಿಂತಿದ್ದ ಮುಳ್ಳುಗಿಡದ ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಚ್ಚಹಸಿರು! ಒಸರಿದ ಅಂಟನ್ನು ಅವರ ಮೂಗಿಗೆ ಹಿಡಿದೆ.

“ಅಮಾಸಿಗೆ ದೇವರ ಮುಂದ ಧೂಪ ಹಾಕೂ ಗುಗ್ಗುಳ! ನಮ್ಮ ಹೊಲದಾಗ ಐತೇನ?” ಕಾಕಾ ಬೆರಗಾದರು.

“ಹೌದು ಕಾಕಾ, ಬ್ಯಾರೆ ಕಡೆ ಎಲ್ಲಾ ಕಡದು ಮುಗಿಸ್ಯಾರ,” ಎಂದೆ. ಜೆಸಿಬಿ ಬಂದ ದಾರಿಯಲ್ಲೇ ಹಿಂದಿರುಗಿತು.

ಮೊನ್ನೆ ಮಳೆ ಬಿದ್ದ ಮೇಲೆ ಕಾಕಾನ ಫೋನು: “ನಮ್ಮ ಗುಗ್ಗುಳ ಮರಿ ಹಾಕೈತಿ, ಲಗೂ ಬಾ!” ಹೋಗಿ ನೋಡಿದರೆ, ಎಂದೂ ಕಬ್ಬಿಗೇ ಬೇಲಿ ಹಾಕದವರು ನಾಲ್ಕೆಲೆಯ ಆ ಸಸಿಗಳಿಗೆ ಮುಳ್ಳಿನ ಬೇಲಿ ಕಟ್ಟಿ, ಮೀಸೆ ತಿರುವುತ್ತ ನಿಂತಿದ್ದರು.