ಸ್ಕಾಲರ್‌ಶಿಪ್ಪಿಗೆ ಬೋಣಿ ಮಾಡುವ ಮುರುಗೆಪ್ಪ

ಪುಣೆಯ ಭವಾನಿ ಪೇಟೆಯಲ್ಲಿ ಧಾನ್ಯದ ಅಂಗಡಿಗಳು ಈಗಷ್ಟೇ ಬಾಗಿಲು ತೆರೆಯುತ್ತಿವೆ. ಕಸ ಗುಡಿಸುವವರ ಧೂಳು ಇನ್ನೂ ಇಳಿದಿಲ್ಲ. ಒಂದು ಅಂಗಡಿಯ ಕಟ್ಟೆಯ ಮೇಲೆ ಮುರುಗೆಪ್ಪ ಕೈಚೀಲ ಹಿಡಿದು, ಚಳಿಗೆ ರುಮಾಲನ್ನು ಕಿವಿಯ ತನಕ ಎಳೆದುಕೊಂಡು ಕೂತಿದ್ದಾರೆ. ಒಳಗೆ ಸಾವ್ಕಾರರು ದೇವರ ಫೋಟೋಕ್ಕೆ ಊದಿನಕಡ್ಡಿ ಬೆಳಗಿ ಗಾದಿಯ ಮೇಲೆ ಕೂತದ್ದೇ ತಡ, ಇವರು ಎದ್ದು ಹೋಗಿ, "ಒಂದ ಪಾವ ಹೆಸರ ಹಾಕ್ರಿ" ಅನ್ನುತ್ತಾರೆ.

ಹೆಸರುಕಾಳಿಗಾಗಿ ಯಾರೂ ಇಷ್ಟು ಬೆಳಿಗ್ಗೆ ಬರುವುದಿಲ್ಲ. ಮುರುಗೆಪ್ಪ ಈ ಊರಿನ ಒಂದು ಸಂಶೋಧನ ಸಂಸ್ಥೆಯ ಕಾರಕೂನ. ಅಲ್ಲಿ ಓದುವ ಹುಡುಗರ ಸ್ಕಾಲರ್‌ಶಿಪ್ಪಿಗೆ ಪೇಟೆಯ ವ್ಯಾಪಾರಿಗಳು ತಿಂಗಳು ತಿಂಗಳು ಕೊಡುತ್ತೇವೆಂದು ಒಪ್ಪಿಕೊಂಡ ಹಣವನ್ನು ತರುವುದು ಅವರ ಕೆಲಸ. ಬೋಣಿ ಆಗದೆ ವ್ಯಾಪಾರಿ ಗಲ್ಲಾದಿಂದ ಒಂದು ಕಾಸು ಹೊರಗೆ ತೆಗೆಯುವುದಿಲ್ಲ. ದೀಪ ಹಚ್ಚಿದ ಮೇಲೆ ಕೇಳಿದರೆ, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎನ್ನುತ್ತಾನೆ. ನಡುವೆ ಗಿರಾಕಿಗಳ ಗದ್ದಲ, ಮಾತಾಡಲೂ ಪುರಸೊತ್ತಿಲ್ಲ. ಅದಕ್ಕೇ ಮುರುಗೆಪ್ಪ ತಾವೇ ಮೊದಲ ಗಿರಾಕಿಯಾಗಿ, ತಮ್ಮ ಕಿಸೆಯಿಂದ ಬೋಣಿ ಮಾಡಿ, ಆಮೇಲೆ ಸಂಸ್ಥೆಯ ಮಾತು ತೆಗೆಯುತ್ತಾರೆ.

"ಇವತ್ತ ಏನ ಅಡಗಿ ಅಂತ ನಾ ಹೇಳೂದಲ್ರಿ, ಪೇಟ್ಯಾನ ಸಾವ್ಕಾರ್ರು ಹೇಳತಾರ" ಎಂದು ಅವರ ಹೆಂಡತಿ ಬಸವಣ್ಣೆವ್ವ ನಗುತ್ತಾರೆ. "ಆ ಮೂಲ್ಯಾಗ ನೋಡ್ರಿ, ಬೋಣಿಗಂತ ತಂದ ಕಸಬರಗಿ ಎಷ್ಟ ಅದಾವ! ಗುಡಸಾಕ ಅಷ್ಟ ಮನಿ ಎಲ್ಲಿಂದ ತರ್ಲಿ?"

ಬೈಲಹೊಂಗಲದಿಂದ ಬಂದ ಮುರುಗೆಪ್ಪ ಮೊದಲು ಇದೇ ಪೇಟೆಯಲ್ಲಿ ಗುಮಾಸ್ತರಾಗಿದ್ದರು. ಬೆನ್ನುನೋವು ಹತ್ತಿದ ಮೇಲೆ ಚೀಲ ಎತ್ತಿಳಿಸುವ ಕೆಲಸ ಬಿಟ್ಟು ಸಂಸ್ಥೆ ಸೇರಿದರು. ಪಾಪ, ಅಲ್ಲಿ ಚೀಲ ತಪ್ಪಿತು, ತಿರುಗಾಟ ತಪ್ಪಲಿಲ್ಲ. ಬೋಣಿಯ ಹೊತ್ತು ಮೀರುವ ಮೊದಲು ದಿನಕ್ಕೆ ಎರಡು ಮೂರು ಅಂಗಡಿ ಮೆಟ್ಟಿಲು ಹತ್ತುತ್ತಾರೆ.

ಸ್ಕಾಲರ್‌ಶಿಪ್ ಅಂದರೆ ಸರಕಾರ ಕೊಡುವ ಹಣ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಅರ್ಧ ಮಾತ್ರ ನಿಜ. ಹುಡುಗನಿಗೆ ಫೀ ಮಾಫಿ, ಇರಲು ಒಂದು ಕೋಣೆ, ಊಟಕ್ಕೆ ಬಟ್ಟೆಗೆ ತಿಂಗಳಿಗೆ ನಲವತ್ತು ರೂಪಾಯಿ. ಪ್ರತಿಯಾಗಿ ಅವನು ಮಧ್ಯಾಹ್ನ ಕೆಳಗಿನ ತರಗತಿಯವರಿಗೆ ಪ್ರಯೋಗ ಹೇಳಿಕೊಡಬೇಕು, ಬೇರೆಲ್ಲೂ ಸಂಬಳಕ್ಕೆ ದುಡಿಯಬಾರದು. ಆ ನಲವತ್ತರಲ್ಲಿ ಊರವರ ಅರ್ಧ ಬಂದು ಬಿದ್ದರೆ ಮಾತ್ರ ಸರಕಾರದ ಅರ್ಧ ಬಿಡುಗಡೆ. ಒಬ್ಬ ದಾನಿ ಕೈಯೆತ್ತಿದರೆ ಎರಡೂ ನಿಂತುಹೋಗುತ್ತವೆ.

ಹೋದ ತಿಂಗಳು ಹಾಗೇ ಆಗುವುದರಲ್ಲಿತ್ತು. ಗೋಕಾಕ ಕಡೆಯಿಂದ ಬಂದು ಇದೇ ಪೇಟೆಯಲ್ಲಿ ಧಾನ್ಯದ ವ್ಯಾಪಾರ ಮಾಡುವ ಈರಬಸಪ್ಪ ಸಾವ್ಕಾರರು ಶಿವಪುತ್ರಪ್ಪ ಎಂಬ ಹುಡುಗನ ಪಾಲಿನ ದಾನಿ. ತೆನೆಯನ್ನು ಕಪ್ಪಾಗಿಸುವ ಕಾಡಿಗೆ ರೋಗ ಜೋಳದ ಯಾವ ತಳಿಗೆ ತಗಲುವುದಿಲ್ಲ ಎಂದು ಹುಡುಕುವುದು ಆ ಹುಡುಗನ ಕೆಲಸ. ಮೂರನೆಯ ವರ್ಷದ ಬೆಳೆ ಕೊಯ್ಲಿಗೆ ಬಂದಿತ್ತು. ಅಷ್ಟರಲ್ಲಿ ಊರಲ್ಲಿ ಮಾಸ್ತರಿಕೆ ಸಿಕ್ಕಿದೆ ಬಾ ಎಂದು ತಂದೆಯ ಒತ್ತಾಯ. ಒಂದು ತಿಂಗಳ ಹಣ ತಪ್ಪಿದರೂ ಹುಡುಗ ಗಂಟುಮೂಟೆ ಕಟ್ಟುವವನೇ.

ಅಂದು ಮುರುಗೆಪ್ಪ ಬೋಣಿ ಮಾಡಿ ಕೈಯೊಡ್ಡಿದರೆ ಸಾವ್ಕಾರರು ತಲೆಯಾಡಿಸಿದರು. "ಮೂರ ವರ್ಷ ಆತು. ಒಮ್ಮೆರೆ ಪಾಸ್ ಆದ ಅಂತ ಪೇಢೆ ತಂದಾನೇನ? ನಾ ಮುಲ್ಕಿ ಪರೀಕ್ಷಾ ಒಂದ ಏಟಿಗೆ ಪಾಸ್ ಆದಾಂವ. ವರ್ಷಾ ನಪಾಸ್ ಆಗಾವ್ನ ನಾ ಎಷ್ಟಂತ ಸಾಕ್ಲಿ?"

"ಇದಕ್ಕ ವರ್ಷಾ ಪರೀಕ್ಷಾ ಇರೂದಿಲ್ರಿ ಸಾವ್ಕಾರ್ರ" ಎಂದರು ಮುರುಗೆಪ್ಪ. ಅದು ಹೇಳಬಾರದ ಮಾತಾಗಿತ್ತು. ಪರೀಕ್ಷೆಯೇ ಇಲ್ಲದ ಓದು ಎಂಥ ಓದು ಎಂದು ಸಾವ್ಕಾರರ ಸಂಶಯ ಇನ್ನೂ ಗಟ್ಟಿಯಾಯಿತು.

ಬೇರೆ ದಾರಿ ಕಾಣದೆ, ಒಮ್ಮೆ ಕಣ್ಣಾರೆ ನೋಡಿ ಆಮೇಲೆ ಬೇಡ ಅನ್ನಿರಿ ಎಂದು ಕೈಮುಗಿದು, ಮರುದಿನ ಅವರನ್ನು ಟಾಂಗಾದಲ್ಲಿ ಸಂಸ್ಥೆಯ ಹೊಲಕ್ಕೆ ಕರೆತಂದರು. ಒಂದು ಸಾಲಿನ ತೆನೆಗಳೆಲ್ಲ ಕಪ್ಪು, ಪಕ್ಕದ್ದು ಮುತ್ತಿನಂತೆ ಬಿಳಿ. ಧಾನ್ಯ ಕಂಡರೆ ವ್ಯಾಪಾರಿಯ ಕೈ ಸುಮ್ಮನಿರುತ್ತದೆಯೇ? ಸಾವ್ಕಾರರು ಬಿಳಿ ತೆನೆಯೊಂದನ್ನು ಬಗ್ಗಿಸಿ ಕಾಳು ಉದುರಿಸಿಕೊಳ್ಳಲು ಹೋದರು.

"ಏ ಯಜಮಾನ್ರ, ಕೈ ತಗೀರಿ!" ಆ ಕಡೆಯ ಬದುವಿನಿಂದ ಶಿವಪುತ್ರಪ್ಪ ಓಡಿ ಬಂದ. ಅವನು ತನ್ನ ದಾನಿಯ ಮುಖ ಕಂಡವನಲ್ಲ. "ಸಂತ್ಯಾಗಿನ ಜೋಳ ಅಂತ ತಿಳಕೊಂಡೀರೇನ? ಒಂದ ಕಾಳ ಕಡಿಮಿ ಆದ್ರ ನನ್ನ ಲೆಕ್ಕ ಎಲ್ಲಾ ಹಾಳಾಗತದ! ನಡೀರಿ ಹೊರಗ!"

"ಮುಗೀತು, ಹುಡುಗ ತನ್ನ ಅನ್ನಕ್ಕ ತಾನ ಮಣ್ಣ ಹಾಕ್ಕೊಂಡ ಅಂದ್ಕೊಂಡೆ" ಎಂದು ಮುರುಗೆಪ್ಪ ಈಗಲೂ ಎದೆ ಮುಟ್ಟಿಕೊಳ್ಳುತ್ತಾರೆ.

ಸಾವ್ಕಾರರು ತೆನೆ ಬಿಟ್ಟು ಹೊಲದಿಂದ ಹೊರಗೆ ಬಂದರು. ಟಾಂಗಾ ಹತ್ತಿ ಕೂತ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೂತ ತಿನ್ನಾವ ಹಿಂಗ ಬೈಯೂದಿಲ್ಲೊ ಮುರಗ್ಯಾ. ನನ್ನ ಅಂಗಡ್ಯಾಗ ಇಂಥಾಂವ ಒಬ್ಬ ಇದ್ದಿದ್ರ ನಾ ಎಲ್ಲೋ ಇರತಿದ್ದೆ. ಬೆಳಿಗ್ಗೆ ಬಾ, ಈ ತಿಂಗಳದ್ದೂ ಒಯ್ಯಿ, ಬರೂ ತಿಂಗಳದ್ದೂ ಒಯ್ಯಿ."

ಅಂದು ರಾತ್ರಿ ಎಷ್ಟೋ ದಿನಗಳ ಮೇಲೆ ಗಂಡ ಎರಡನೆಯ ಸಲ ರೊಟ್ಟಿ ಹಾಕಿಸಿಕೊಂಡರೆಂದು ಬಸವಣ್ಣೆವ್ವ ಹೇಳುತ್ತಾರೆ. ಕೇಳುವ ನಮಗೂ ಹೊಟ್ಟೆ ತಣ್ಣಗಾಗುತ್ತದೆ.

ಒಂದನೆಯ ತಾರೀಖಿಗೆ ಶಿವಪುತ್ರಪ್ಪ ಕಚೇರಿಗೆ ಬಂದ. ಸಹಿ ಮಾಡಿ ಹಣ ತೆಗೆದುಕೊಂಡು, "ನಿಮ್ಮ ಕಚೇರಿ ಭಾಳ ಚಲೋ ನೋಡ್ರಿ, ತಾರೀಖ ತಪ್ಪೂದ ಇಲ್ಲ. ಮಾಸ್ತರಿಕಿ ಬ್ಯಾಡ ಅಂತ ಅಪ್ಪಗ ಬರದಬಿಟ್ಟೆ" ಎಂದ. ಮುರುಗೆಪ್ಪ ಹೌದೆಂದು ತಲೆಯಾಡಿಸಿ, ಮುಂದಿನ ಹುಡುಗನನ್ನು ಕರೆದರು. ಸಾವ್ಕಾರರ ವಿಷಯ ಎತ್ತಲೇ ಇಲ್ಲ.

ಯಾಕೆ ಹೇಳಲಿಲ್ಲವೆಂದು ಕೇಳಿದರೆ ಅವರಿಗೆ ಆಶ್ಚರ್ಯ.

"ಹೇಳಿ ಏನ ಮಾಡೂದ್ರಿ? ತಾರೀಖ ಬಂತು, ರೊಕ್ಕ ಬಂತು, ಅದರಾಗೇನ ದೊಡ್ಡದು ಅಂತ ಹುಡುಗರು ತಿಳಕೊಂಡಿರಬೇಕು. ಹಂಗ ತಿಳಕೊಂಡಾರ ಅಂದ್ರ ನನ್ನ ಕೆಲಸ ನೆಟ್ಟಗ ನಡದದ ಅಂತ ಅರ್ಥ."