ಕೈಕೆಲಸದ ಹುಡುಗನಿಗೆ ಹೆಣ್ಣು ಕೇಳಲು ಹೋದದ್ದು

ನನ್ನ ಮಗ ಕಂಪನಿ ಕೆಲಸ ಬಿಟ್ಟು ಮೋಟಾರ್ ವೈಂಡಿಂಗ್ ಹಿಡಿದದ್ದಕ್ಕೆ ನಾವು ತೆತ್ತದ್ದು ಒಂದು ಒಳ್ಳೆಯ ಸಂಬಂಧ. ಹುಡುಗಿ ಒಪ್ಪಿದ್ದಳು, ಇವನೂ ಒಪ್ಪಿದ್ದ, ಜಾತಕವೂ ಕೂಡಿತ್ತು. ತಪ್ಪಿಹೋದದ್ದು ಕೆಲಸದ ಕಾರಣಕ್ಕೆ, ಅಷ್ಟೇ.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಹಳೇ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತೇವೆ. ಭದ್ರಾವತಿಯಲ್ಲಿ ಯಜಮಾನರ ಕಾರ್ಖಾನೆ ಕೆಲಸ ಹೋದಾಗ ಪಕ್ಕದ ಬೀದಿಯ ಅಂಗಡಿಯಲ್ಲಿ ಕಾಯಿಲ್ ಸುತ್ತುವುದನ್ನು ನಾನು ಕಲಿತೆ, ಅವರಿಗೂ ಕಲಿಸಿದೆ. ಶಿವಮೊಗ್ಗಕ್ಕೆ ಬಂದು ನಮ್ಮದೇ ಬಾಗಿಲು ತೆರೆದ ಮೇಲೆ ತೋಟದವರ ಜೊತೆ ಚೌಕಾಸಿ ನನ್ನ ಪಾಲಿಗೆ ಬಂತು. ಬೇಸಿಗೆಯಲ್ಲಿ ನೀರಿಲ್ಲದೆ ಒದ್ದಾಡುವ ಮನುಷ್ಯ ಎಷ್ಟರ ತನಕ ಬಗ್ಗುತ್ತಾನೆ, ಎಲ್ಲಿ ನಾವು ನಿಲ್ಲಿಸಬೇಕು ಅನ್ನುವುದು ಮುಖ ನೋಡಿದರೇ ನನಗೆ ಗೊತ್ತಾಗುತ್ತೆ.

ಆ ಅಂಗಡಿಯಿಂದಲೇ ಮಗನನ್ನು ಇಂಜಿನಿಯರಿಂಗ್ ಓದಿಸಿದೆವು. ಒಂದು ಕಂಪನಿಯಲ್ಲಿ ಸೂಪರ್‌ವೈಸರ್ ಆದ. ಯಜಮಾನರಿಗೆ ಕಣ್ಣು ಮಂಜಾಗಿ ಸಣ್ಣ ತಂತಿ ಕಾಣದಂತಾದಾಗ, ಅವರನ್ನು ಎಬ್ಬಿಸಿ ತಾನೇ ಆ ಜಾಗದಲ್ಲಿ ಕೂತ. ರಾಜೀನಾಮೆ ಕೊಟ್ಟಿದ್ದು ನನಗೆ ತಿಳಿದದ್ದು ಆಮೇಲೆ. ಅಲ್ಲಿ ನಾನಿಲ್ಲದಿದ್ದರೂ ನಡೆಯುತ್ತೆ ಅಂದ.

ಹುಡುಗಿ ಭದ್ರಾವತಿಯವಳು. ಬಿ.ಎಡ್. ಮುಗಿಸಿ ಕೆಲಸ ಹುಡುಕುತ್ತಿದ್ದಳು. ಅವಳ ಅಪ್ಪ ಗಾರೆ ಕೆಲಸದವರು. ಕೈಕೆಲಸದ ಬೆಲೆ ಇವರಿಗೆ ನಾನು ಹೇಳಿಕೊಡಬೇಕಾ ಅಂತ ಧೈರ್ಯವಾಗಿಯೇ ಹೋದೆ. ನಂಟರು ಫೋನಿನಲ್ಲಿ ಹುಡುಗ ಇಂಜಿನಿಯರ್ ಅಂತಷ್ಟೇ ಹೇಳಿದ್ದರು. ನಾವೂ ಬಿಡಿಸಿ ಹೇಳಿರಲಿಲ್ಲ.

ಕೇಸರಿಬಾತ್ ತಟ್ಟೆ ಕೈಗೆ ಬಂದಾಗ ಹುಡುಗಿಯ ಅಪ್ಪ ಯಾವ ಕಂಪನಿ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗ, ಕಂಪನಿ ಬಿಟ್ಟೆ, ಅಂಗಡಿಯಲ್ಲೇ ವೈಂಡಿಂಗ್ ಮಾಡ್ತೀನಿ ಅಂದುಬಿಟ್ಟ. ಅವರು ತಟ್ಟೆ ಕೆಳಗಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ. ಕಂಪನಿಗೆ ವಾಪಸ್ ಹೋಗುವುದಾದರೆ ಇವತ್ತೇ ತಾಂಬೂಲ ಬದಲಾಯಿಸೋಣ ಅಂದರು. ನಾನು ಬಿಡುವವಳಾ? ಹಗಲು ಕಂಪನಿ, ಸಂಜೆ ಅಂಗಡಿ ಅಂತ ಒಂದು ದಾರಿ ತೆಗೆದೆ. ಅವರು ಅದಕ್ಕೂ ಒಪ್ಪಿದರು. ಮಗ ಆಗಲ್ಲ ಅಂತ ತಲೆ ಅಲ್ಲಾಡಿಸಿದ.

"ಸುಮ್ನೆ ಹೂಂ ಅನ್ನೋ ಮಾರಾಯ," ಅಂತ ಕಿವಿಯಲ್ಲಿ ಹೇಳಿದೆ.

"ವ್ಯಾಪಾರ ಕುದುರಿಸೋಕೆ ನಾನೇನು ಸುಟ್ಟ ಮೋಟಾರಾ ಅಮ್ಮ?" ಅಂದ, ಎಲ್ಲರಿಗೂ ಕೇಳುವ ಹಾಗೆ.

ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ನಕ್ಕಳು. ಅವಳ ಅಪ್ಪ ನಗಲಿಲ್ಲ. ಪಂಚೆ ಸರಿಸಿ ಸೊಟ್ಟಗೆ ಕೂಡಿಕೊಂಡ ಮೊಣಕಾಲು ತೋರಿಸಿದರು. ಕಟ್ಟಡದ ಸಾರುವೆ ಮುರಿದು ಮೇಲಿಂದ ಬಿದ್ದಿದ್ದರಂತೆ.

"ನೋಡಿ ಅಕ್ಕಾ, ನಾನು ಮಲಗಿದ್ದಷ್ಟು ದಿನ ಇವಳಮ್ಮ ಕಂಡೋರ ಮನೆ ಪಾತ್ರೆ ತೊಳೆದಳು. ನಾಳೆ ನಿಮ್ಮ ಹುಡುಗನ ಕೈಗೆ ಏನಾದ್ರೂ ಆದ್ರೆ ನನ್ನ ಮಗಳು ಏನು ಮಾಡಬೇಕು?"

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಾ ಕೂತಿದ್ದರು. ಹುಡುಗಿಯ ಅಪ್ಪ ಎದ್ದು ನಮಗೆ ಕೈಮುಗಿದರು.

ವಾಪಸ್ ಬರುವಾಗ ಬಸ್ಸು ಮಲವಗೊಪ್ಪ ದಾಟಿತು. ಆಮೇಲೆ ಮಗ, ಅಪ್ಪನ ಕೈಗೆ ಏನಾದರೂ ಆಗಿದ್ದರೆ ನೀನೇನು ಮಾಡ್ತಿದ್ದೆ ಅಂತ ಕೇಳಿದ.

"ಇಬ್ಬರ ಕೆಲಸಾನೂ ನಾನೇ ಸುತ್ತುತ್ತಿದ್ದೆ."

"ಹಾಗಾದ್ರೆ ನಿನ್ನ ಸೊಸೆನೂ ಸುತ್ತಬೇಕಾ?"

ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ಮಗ ಅಂಗಡಿಯಲ್ಲೇ ಇದ್ದಾನೆ. ಅವನಿಗಿನ್ನೂ ಹೆಣ್ಣು ಸಿಕ್ಕಿಲ್ಲ.

ನಿಮ್ಮ ಮನೆಯಲ್ಲೂ ಓದಿದ ಮಗನೋ ಮಗಳೋ ಕೈಕೆಲಸ ಹಿಡಿಯುತ್ತೇನೆ ಅಂದರೆ ತಡೆಯಬೇಡಿ. ಆದರೆ ಆ ಗಾರೆಯವರು ಕೇಳಿದ ಪ್ರಶ್ನೆಗೆ ಮೊದಲೇ ಉತ್ತರ ಮಾಡಿಟ್ಟುಕೊಳ್ಳಿ. ಅಪಘಾತ ವಿಮೆ ಮಾಡಿಸಿ, ಕಂತು ತಪ್ಪಿಸಬೇಡಿ. ಮನೆ ಮಗ ಅಂತ ಸಂಬಳವಿಲ್ಲದೆ ದುಡಿಸಬೇಡಿ, ಕಂಪನಿಯವರು ಪಿ.ಎಫ್. ಹಿಡಿಯುವ ಹಾಗೆ ನೀವೂ ತಿಂಗಳು ತಿಂಗಳು ಅವನ ಹೆಸರಲ್ಲಿ ಎತ್ತಿಡಿ. ಸಂಬಂಧ ನೋಡುವಾಗ ಮೊದಲ ಫೋನಿನಲ್ಲೇ ಕೆಲಸ ಏನು ಅಂತ ಹೇಳಿ, ಒಂದು ದಿನ ಹೆಣ್ಣಿನ ಕಡೆಯವರನ್ನು ಅಂಗಡಿಗೇ ಕರೆಸಿ ಕೂರಿಸಿ. ಇಷ್ಟಾದ ಮೇಲೂ ಹೆಣ್ಣಿನ ಅಪ್ಪ ಬೇಡ ಅಂದರೆ ಅಲ್ಲಿ ಚೌಕಾಸಿಗೆ ಕೂರಬೇಡಿ. ಎದ್ದು ಬನ್ನಿ, ಮುನಿಸು ಇಟ್ಟುಕೊಳ್ಳಬೇಡಿ.