ಹದಿನೈದು ವರ್ಷದ ಬೀಟ್‌ರೂಟ್ ಪಲ್ಯ

ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಬೀಟ್‌ರೂಟ್ ಪಲ್ಯ. ಹದಿನೈದು ವರ್ಷಗಳಿಂದ ಅದನ್ನು ಮಾಡುವವನು ನಾನೇ. ಮಗಳು ಅನುಷಾ ಬಿಳಿಚಿಕೊಂಡಿದ್ದಾಳೆ, ರಕ್ತ ಕಡಿಮೆ ಎಂದು ಯಾರೋ ಅಂದಿದ್ದೇ ತಡ, ಕೆಂಪಗಿರುವುದೆಲ್ಲ ರಕ್ತವಾಗುತ್ತದೆಂಬ ಘನ ಸಿದ್ಧಾಂತವನ್ನು ನಂಬಿ, ಕಬ್ಬಿಣದ ಬಾಣಲೆ ಕೊಂಡು, ಅಡುಗೆಮನೆಯನ್ನೇ ಆಸ್ಪತ್ರೆ ಮಾಡಿಬಿಟ್ಟೆ. ಫಲ ಕಾಣದಾಗಲೆಲ್ಲ, "ನಿನ್ನ ತವರಿನವರ ರಕ್ತವೇ ನೀರು ಕಣೆ" ಎಂದು ಹೆಂಡತಿ ಸುಮಾಳನ್ನು ಛೇಡಿಸುವುದೂ ಒಗ್ಗರಣೆಯ ಜೊತೆಗೇ ನಡೆದುಬಂತು.

ಹೀಗಿರಲು ಅನುಷಾ, ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಬೆಳೆದ ನೈಜೀರಿಯಾ ಮೂಲದ ಎಮೆಕಾನನ್ನು ಮದುವೆಯಾಗುತ್ತೇನೆಂದಳು. ಹುಡುಗ ಬಂಗಾರದಂಥವನು. ನನ್ನದೊಂದೇ ಷರತ್ತು, ಜಾತಕ ಕೂಡಬೇಕು. ಅವನು ಹುಟ್ಟಿದ ಗಳಿಗೆ ಕೇಳಲೆಂದೇ ವಿಮಾನ ಹತ್ತಿ ಅವನ ಮನೆಗೆ ಹೋದೆವು. ನಾನು ಅರಿಶಿನ ಹಚ್ಚಿದ ಜಾತಕವನ್ನು ಮೇಜಿನ ಮೇಲಿಟ್ಟರೆ, ಅವನ ತಾಯಿ ಗ್ರೇಸ್ ಮಗನ ರಕ್ತಪರೀಕ್ಷೆಯ ವರದಿಯನ್ನು ನನ್ನತ್ತ ಸರಿಸಿದರು. ಮಿತ್ರರೇ, ಆ ದೃಶ್ಯವನ್ನು ಸ್ವಲ್ಪ ಊಹಿಸಿಕೊಳ್ಳಿ: ನಾನು ಅವರ ವರದಿಯಲ್ಲಿ ನಕ್ಷತ್ರ ಹುಡುಕುತ್ತಿದ್ದೇನೆ, ಅವರು ನಮ್ಮ ಕುಂಡಲಿಯ ಹನ್ನೆರಡು ಮನೆಗಳಲ್ಲಿ ಹೀಮೋಗ್ಲೋಬಿನ್ ಹುಡುಕುತ್ತಿದ್ದಾರೆ.

"ಅನುಷಾಳ ಬ್ಲಡ್ ರಿಪೋರ್ಟ್ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಮ್ಮಲ್ಲಿ ಅದೆಲ್ಲ ಇಲ್ಲ" ಎಂದು ನಕ್ಕೆ.

ಅವರು ನಗಲಿಲ್ಲ. ಎಮೆಕಾ ಸಿಕಲ್ ಸೆಲ್ ಎಂಬ ರಕ್ತದೋಷದ ವಾಹಕ. ಅವನಿಗೇನೂ ಕಾಯಿಲೆಯಿಲ್ಲ, ಆದರೆ ಅಂಥದೇ ದೋಷ ಹೊತ್ತವರು ಜೊತೆಯಾದರೆ, ಪ್ರತಿ ಬಸಿರಿನಲ್ಲೂ ಮಗು ರೋಗದೊಂದಿಗೆ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಮದುವೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ, ಮೊದಲ ಮಗನನ್ನು ಈ ರೋಗಕ್ಕೇ ಕಳೆದುಕೊಂಡೆ ಎಂದರು ಗ್ರೇಸ್. ನನಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು.

ಜಾತಕದಲ್ಲಿ ಮೂವತ್ತು ಗುಣ ಕೂಡಿದವು. ಪರೀಕ್ಷೆ ಮಾಡಿಸಿದರೆ ರಕ್ತ ಮಾತ್ರ ಕೂಡಲಿಲ್ಲ: ಅನುಷಾ ಥಲಸ್ಸೀಮಿಯಾ ಎಂಬ, ಸಿಕಲ್ ಸೆಲ್ ಜೊತೆ ಸೇರಿದರೆ ಅಷ್ಟೇ ಅಪಾಯ ತರುವ ರಕ್ತದೋಷದ ವಾಹಕಿ. ಅವಳು ಬಿಳಿಚಿಕೊಂಡದ್ದು ಇದರಿಂದಲೇ, ಕಬ್ಬಿಣದ ಕೊರತೆ ಇರಲೇ ಇಲ್ಲವಂತೆ. ಇದು ಯಾರಿಂದ ಬಂತೆಂದು ನಮ್ಮಿಬ್ಬರನ್ನೂ ಪರೀಕ್ಷಿಸಿದರು. ಸುಮಾಳ ರಕ್ತ ಅಚ್ಚುಕಟ್ಟಾಗಿತ್ತು, ಬಂದದ್ದು ನನ್ನಿಂದ. ಸುಮಾ ನನ್ನ ವರದಿಯನ್ನು ಮಡಚಿ ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ಜೋಪಾನವಾಗಿಟ್ಟಳು, ಅದೇ ನನಗೆ ಭಯ.

ಹುಡುಗ ಹುಡುಗಿ ಕೌನ್ಸೆಲರ್ ಹತ್ತಿರ ಕೂತು ಎಲ್ಲ ತಿಳಿದುಕೊಂಡು ಬಂದರು. "ಗೊತ್ತಿದ್ದೇ ಮದ್ವೆ ಆಗ್ತಿದೀವಿ ಅಪ್ಪಾ. ಬೇಬಿ ವಿಷ್ಯ ಡಾಕ್ಟರ್ ಜೊತೆ ಪ್ಲಾನ್ ಮಾಡ್ತೀವಿ" ಎಂದಳು ಅನುಷಾ. ಇನ್ನೂ ಹುಟ್ಟದ ಆ ಕೂಸಿಗಾಗಿ ನನಗೆ ಹೆದರಿಕೆಯಿದೆ, ಸುಳ್ಳೇಕೆ ಹೇಳಲಿ.

ಕಳೆದ ಭಾನುವಾರ ಕೈ ತಾನಾಗಿಯೇ ಬೀಟ್‌ರೂಟ್ ಹೆಚ್ಚಿತು. ಅನುಷಾ ತಟ್ಟೆಯನ್ನೇ ನೋಡಿದಳು.

"ಇನ್ಮೇಲೆ ಇದು ಮೆಡಿಸಿನ್ ಅಲ್ಲ ತಾನೆ?"

"ಅಲ್ಲಮ್ಮ, ಬರೀ ಪಲ್ಯ."

ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ಎರಡನೇ ಬಾರಿ ಬಡಿಸಿಕೊಂಡಳು. ಸುಮಾ ಸೌಟನ್ನು ನನ್ನ ಕಡೆ ತಿರುಗಿಸಿದಳು.

"ನಿಮಗೂ ಹಾಕ್ಲಾ ರೀ? ರಕ್ತಕ್ಕೆ ಒಳ್ಳೇದಂತೆ."